ಕ್ಷೌರದ ಕತ್ತಿಗೆ ಮೊದಲ ಚರ್ಮದ ಪಟ್ಟಿ: ಕೊಳ್ಳುವ ಮುಂಚೆ ತಿಳಿಯೋಣ



ಹೊಲಿಗೆ ಯಂತ್ರಕ್ಕೆ, ಹಸುವಿಗೆ ಸಾಲ ಕೊಡುವಾಗ ನಾವು ಸಭೆಯಲ್ಲಿ ಹತ್ತು ಪ್ರಶ್ನೆ ಕೇಳುತ್ತೇವೆ. ಕ್ಷೌರದ ಕಸುಬಿನ ಮನೆಯ ಸದಸ್ಯೆ ಗಂಡನ ಅಥವಾ ಮಗನ ಸಾಮಾನಿಗೆ ಸಾಲ ಕೇಳಿದಾಗ ಮಾತ್ರ "ಅದು ಗಂಡಸರ ಕೆಲಸ, ನಮಗೇನು ಗೊತ್ತು" ಅಂತ ಸುಮ್ಮನಾಗಿಬಿಡುತ್ತೇವೆ. ಆದರೆ ಕಂತು ಕಟ್ಟುವವಳು ಆಕೆಯೇ ಅಲ್ಲವೇ? ಆದ್ದರಿಂದ ಈ ಸಲ ಅಂಥ ಒಂದು ಸಾಮಾನಿನ ಬಗ್ಗೆ ಕಲಿಯೋಣ. ಕ್ಷೌರದ ಕತ್ತಿಯನ್ನು ಎಳೆದು ನಯ ಮಾಡುವ ಚರ್ಮದ ಪಟ್ಟಿ ಅದು. ಅಂಗಡಿಯಲ್ಲಿ ಇದಕ್ಕೆ ಸ್ಟ್ರಾಪ್ ಅನ್ನುತ್ತಾರೆ.

1. ಪಟ್ಟಿಯ ಕೆಲಸ ಏನು?

ಹಿಡಿಯೊಳಗೆ ಮಡಚುವ ಹಳೇ ಮಾದರಿಯ ಕತ್ತಿಯ ಬಾಯಿ ಬಹಳ ತೆಳು. ಒಮ್ಮೆ ಗಡ್ಡ ಬೋಳಿಸಿದರೆ ಸಾಕು, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಲ್ಲಲ್ಲಿ ಬಾಗುತ್ತದೆ. ಪಟ್ಟಿಯ ಮೇಲೆ ಎಳೆದಾಗ ಅದು ಮತ್ತೆ ನೇರವಾಗಿ ನಯವಾಗುತ್ತದೆ. ಪೂರ್ತಿ ಮೊಂಡಾದ ಕತ್ತಿಗೆ ಪಟ್ಟಿ ಸಾಲದು, ಅದಕ್ಕೆ ಸಾಣೆಕಲ್ಲೇ ಬೇಕು. ಮನೆಬಳಕೆಯ ಕತ್ತಿಗೆ ಕಲ್ಲು ಕೆಲವು ತಿಂಗಳಿಗೊಮ್ಮೆ ಸಾಕು. ಪಟ್ಟಿ ಮಾತ್ರ ಪ್ರತಿ ಸಲವೂ ಬೇಕು.

2. ಮೊದಲ ಪ್ರಶ್ನೆ: ಕತ್ತಿ ಯಾವುದು, ಯಾರಿಗೆ?

ಇಂದು ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ. ಅದಕ್ಕೆ ಪಟ್ಟಿಯೂ ಬೇಡ, ಸಾಣೆಯೂ ಬೇಡ. ಬ್ಲೇಡ್ ಬದಲಾಯಿಸಿದರೆ ಆಯ್ತು.

ಹಲವು ಗಿರಾಕಿಗಳಿಗೆ ಒಂದೇ ಕತ್ತಿ, ಒಂದೇ ಪಟ್ಟಿ ಬಳಸುವುದು ಅಪಾಯ. ಸಣ್ಣ ಗಾಯದ ರಕ್ತ ಕಣ್ಣಿಗೆ ಕಾಣದಿದ್ದರೂ ಕತ್ತಿಯಿಂದ ಪಟ್ಟಿಗೆ ಅಂಟುತ್ತದೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಜೀವಂತ ಇರಬಲ್ಲದು. ಇದು ಲಿವರಿಗೆ ಬರುವ ಕಾಯಿಲೆ. ಕತ್ತಿಯನ್ನಾದರೂ ಶುದ್ಧ ಮಾಡಬಹುದು, ಚರ್ಮದ ಪಟ್ಟಿಯನ್ನು ಕುದಿಸಲಿಕ್ಕಾಗುತ್ತದೆಯೇ? ಆದ್ದರಿಂದ ಅಂಗಡಿಗೆ ಸಾಲ ಕೇಳಿದರೆ ಬ್ಲೇಡ್ ಹಾಕುವ ಕತ್ತಿ, ಬ್ಲೇಡಿನ ಪೆಟ್ಟಿಗೆ, ಶುಭ್ರ ಟವೆಲ್ ಇವುಗಳಿಗೆ ಕೊಡೋಣ. ಪ್ರತಿ ಗಿರಾಕಿಗೂ ಹೊಸ ಬ್ಲೇಡ್. ನಮ್ಮ ಮನೆಯ ಗಂಡಸರು ಕ್ಷೌರಕ್ಕೆ ಹೋಗುವಾಗಲೂ ಇದನ್ನು ಕೇಳಿ ಪಡೆಯಲಿ.

ಹಾಗಾದರೆ ಪಟ್ಟಿ ಯಾರಿಗೆ? ತನ್ನದೇ ಕತ್ತಿಯಿಂದ ತಾನೇ ಗಡ್ಡ ಬೋಳಿಸಿಕೊಳ್ಳುವವರಿಗೆ ಮಾತ್ರ. ತಾತನ ಕತ್ತಿ ಮನೆಯಲ್ಲಿದ್ದು ಮಗ ಕಲಿಯುತ್ತೇನೆ ಅಂದರೆ ಕಲಿಯಲಿ. ಆದರೆ ಅದು ಮನೆಖರ್ಚು, ವ್ಯಾಪಾರದ ಸಾಲವಲ್ಲ.

3. ಮೊದಲ ಪಟ್ಟಿ ಹೇಗಿರಬೇಕು?

ಕಲಿಯುವ ಕೈ ಪಟ್ಟಿಯನ್ನು ಕೊಯ್ಯುವುದು ಸಾಮಾನ್ಯ. ಕತ್ತಿ ತಿರುಗಿಸುವಾಗ ಬಾಯಿ ತಾಗಿ ಚರ್ಮ ಸೀಳುತ್ತದೆ. ಹಾಗಾಗಿ ಮೊದಲ ಪಟ್ಟಿ ಹಾಳಾಗುವುದಕ್ಕೇ ಇದೆ ಅಂತ ತಿಳಿದು ಕಡಿಮೆ ಬೆಲೆಯದನ್ನೇ ಕೊಳ್ಳಬೇಕು. ಒಳ್ಳೆಯದನ್ನು ಕೈ ಪಳಗಿದ ಮೇಲೆ ನೋಡೋಣ. ಕಡಿಮೆ ಬೆಲೆ ಅಂದರೆ ಕಳಪೆ ಅಂತಲ್ಲ. ಇವನ್ನು ಪರೀಕ್ಷಿಸಿ:

• ಅಗಲ: ಸುಮಾರು 3 ಅಂಗುಲ ಇದ್ದರೆ ಕತ್ತಿಯ ಬಾಯಿ ಪೂರ್ತಿ ಪಟ್ಟಿಯ ಮೇಲೆ ಕೂರುತ್ತದೆ. 2 ಅಂಗುಲದ್ದಾದರೆ ಓರೆಯಾಗಿ ಎಳೆಯಬೇಕು, ಹೊಸಬರಿಗೆ ಕಷ್ಟ.

• ಮೈ: ಬೆರಳಾಡಿಸಿ ನೋಡಿ. ಉಬ್ಬು, ತಗ್ಗು, ಬಿರುಕು ಇರಬಾರದು.

• ಚರ್ಮ: ಅಸಲಿ ಚರ್ಮವೇ ಆಗಿರಲಿ, ರೆಕ್ಸಿನ್ ಬೇಡ. ಮರದ ತೊಗಟೆಯಂಥ ಗಿಡಮೂಲ ವಸ್ತುಗಳಿಂದ ಹದ ಮಾಡಿದ ಚರ್ಮ ಚೆನ್ನ.

• ಬಗೆ: ಕೊಕ್ಕೆಗೆ ತೂಗುಹಾಕುವುದು ಒಂದು, ಹಲಗೆಗೆ ಅಂಟಿಸಿದ್ದು ಇನ್ನೊಂದು. ತೂಗುವ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲ ಬಿಟ್ಟರೆ ಬಾಯಿ ದುಂಡಾಗುತ್ತದೆ. ಹಲಗೆಯದು ಜೋಲುವುದಿಲ್ಲ, ಹೊಸಬರಿಗೆ ಅದು ಸುಲಭ.

ಹಲಗೆಯ ಪಟ್ಟಿಯನ್ನು ಮನೆಯಲ್ಲೇ ಮಾಡಬಹುದು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವುದು ಇಂಥ ಗಿಡಮೂಲದಿಂದ ಹದ ಮಾಡಿದ ಚರ್ಮದಿಂದಲೇ. ಚಪ್ಪಲಿ ಮಾಡುವವರ ಹತ್ತಿರ 3 ಅಂಗುಲ ಅಗಲ, 12 ಅಂಗುಲ ಉದ್ದದ ನಯವಾದ ತುಂಡು ಕೇಳಿ, ಸಮತಟ್ಟಾದ ಹಲಗೆಗೆ ಗಾಳಿಗುಳ್ಳೆ ಬಾರದಂತೆ ಅಂಟಿಸಿ. ಕಲಿಕೆಗೆ ಇಷ್ಟು ಸಾಕು.

ಹಸಿರು ಪೇಸ್ಟ್ ಕೊಟ್ಟರೆ ಬರೀ ಚರ್ಮಕ್ಕೆ ಹಚ್ಚಬೇಡಿ. ಅದು ಕಬ್ಬಿಣವನ್ನು ಸವೆಸುತ್ತದೆ. ಅದಕ್ಕೆ ಬೇರೆ ಪಟ್ಟಿ ಬೇಕು, ಹೊಸಬರಿಗೆ ಅವಸರವಿಲ್ಲ.

4. ಎಳೆಯುವ ಕ್ರಮ

ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಪಟ್ಟಿಗೆ ತಾಗಿರಬೇಕು. ಯಾವಾಗಲೂ ಬೆನ್ನು ಮುಂದೆ, ಬಾಯಿ ಹಿಂದೆ. ತುದಿ ಮುಟ್ಟಿದಾಗ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ತನ್ನಿ. ಒತ್ತಬೇಡಿ, ಕತ್ತಿಯ ಭಾರವೇ ಸಾಕು. ಹೋಗಿ ಬಂದರೆ ಒಂದು ಸುತ್ತು, 30ರಿಂದ 40 ಸುತ್ತು ಎಳೆದರೆ ಆಯ್ತು. ಮೊದಮೊದಲು ನಿಧಾನವಾಗಿ ಎಳೆಯಿರಿ.

ಕ್ಷೌರವಾದ ಮೇಲೆ ಕತ್ತಿಯನ್ನು ಒರೆಸಿ ಒಣಗಿಸಿ, ಇಲ್ಲವಾದರೆ ತುಕ್ಕು ಹಿಡಿಯುತ್ತದೆ. ಪಟ್ಟಿಗೆ ನೀರು ತಾಗಿಸಬೇಡಿ, ಮಡಚಬೇಡಿ. ಮಳೆಗಾಲದಲ್ಲಿ ಬೂಷ್ಟು ಬಾರದಂತೆ ಗಾಳಿಯಾಡುವ ಕಡೆ ಇಡಿ. ಮಕ್ಕಳ ಕೈಗೆ ಕತ್ತಿ ಸಿಗದಿರಲಿ.

5. ಸಾಲದ ಲೆಕ್ಕ

ಉದಾಹರಣೆಗೆ, ಕತ್ತಿ ಮತ್ತು ದುಬಾರಿ ಪಟ್ಟಿಗೆಂದು 2,000 ರೂಪಾಯಿ ಸಾಲ ಪಡೆದರು ಅನ್ನೋಣ. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ, ಅಸಲು ತಿಂಗಳಿಗೆ 200ರಂತೆ 10 ಕಂತು. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಒಟ್ಟು ಬಡ್ಡಿ 220 ರೂಪಾಯಿ. ಅಂಗಡಿಯಲ್ಲಿ ಬಳಸಬಾರದ ವಸ್ತುವಿಗೆ ಈ ಹಣ. ಅದೇ ಸಾಲದಲ್ಲಿ ಬ್ಲೇಡ್ ಕೊಂಡರೆ ಗಿರಾಕಿಯ ಆರೋಗ್ಯ ಉಳಿಯುತ್ತೆ, ನಂಬಿಕೆಯೂ ಬೆಳೆಯುತ್ತೆ.

ಸಭೆಯಲ್ಲಿ ಚರ್ಚಿಸಿ

1. ನಮ್ಮೂರ ಕ್ಷೌರದಂಗಡಿಯಲ್ಲಿ ಪ್ರತಿ ಗಿರಾಕಿಗೂ ಬ್ಲೇಡ್ ಬದಲಾಯಿಸುತ್ತಾರೆಯೇ? ಇಲ್ಲದಿದ್ದರೆ ಗೌರವದಿಂದ ಕೇಳುವವರು ಯಾರು?

2. ನಮ್ಮ ಸಂಘದಲ್ಲಿ ಕಸುಬಿನ ಸಾಮಾನಿಗೆ ಸಾಲ ಕೇಳಿದಾಗ "ಯಾವುದು, ಯಾಕೆ, ಯಾರಿಗೆ" ಅಂತ ಕೇಳುತ್ತೇವೆಯೇ?

3. ಮನೆಯಲ್ಲಿ ಒಂದೇ ರೇಜರನ್ನು ಇಬ್ಬರು ಬಳಸುತ್ತಿದ್ದಾರೆಯೇ? ಇಂದೇ ಬೇರೆ ಬೇರೆ ಮಾಡಿ.