ಸೀಲ್ ಒಡೆಯದ ಫೋನಿಗೂ ವಯಸ್ಸಾಗುತ್ತದೆ

ದಸರಾ, ದೀಪಾವಳಿಯ ಆನ್‌ಲೈನ್ ಸೇಲ್ ಮುಗಿದ ಮೇಲೆ ನಮ್ಮ ಧಾರವಾಡದ ಸಪ್ತಾಪುರದಲ್ಲಿ ಸದ್ದಿಲ್ಲದ ಸಂತೆಯೊಂದು ಶುರುವಾಗುತ್ತದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದಲಿಕ್ಕೆ ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರಿನಿಂದ ಬಂದ ಹುಡುಗ ಹುಡುಗಿಯರಿಂದ ಇಲ್ಲಿನ ಕೋಚಿಂಗ್ ಸೆಂಟರ್, ರೀಡಿಂಗ್ ರೂಮ್, ಪಿಜಿಗಳು ತುಂಬಿವೆ. ಅವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಫೋನಿನ ಚಿತ್ರ ಬರುತ್ತದೆ: ಸೀಲ್ ಪೀಸ್, ಒಡೆದಿಲ್ಲ, ಫುಲ್ ವಾರಂಟಿ. ಕಾರ್ಡಿನ ರಿಯಾಯಿತಿ ಸಿಕ್ಕಿತೆಂದು ಕೊಂಡು ಮಾರುವವರಿದ್ದಾರೆ, ಕೋಚಿಂಗ್ ಫೀಗೆ ಹಣ ಕಡಿಮೆ ಬಿದ್ದು ಮಾರುವವರೂ ಇದ್ದಾರೆ. ಬಹಳ ಮಂದಿ ಪ್ರಾಮಾಣಿಕರೇ. ಆದರೆ ಆ ‘ಫುಲ್ ವಾರಂಟಿ’ ಎಂಬ ಮಾತು ಮಾತ್ರ ಬಹುತೇಕ ಸಲ ನಿಜವಲ್ಲ.

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಸಿಂದಗಿ ಕಡೆಯ ಹುಡುಗನೊಬ್ಬ ಈಚೆಗೆ ಇಂಥದೇ ಒಂದು ಬಾಕ್ಸ್ ಹಿಡಿದು ಬಂದ.

“ಕಾಕಾರ, ಸೀಲ್ ಪೀಸ್ ಐತ್ರಿ. ಆನ್ ಮಾಡಿದ ದಿನದಿಂದ ಒಂದ ವರ್ಷ ವಾರಂಟಿ ಅಂತ್ರಿ. ತಗೊಳ್ಳಲ್ರೀ?”

“ಬಿಲ್ ಐತೇನಪಾ?”

“ಬಿಲ್ ಅವರ ಅಣ್ಣನ ಹೆಸರಿಗೆ ಐತಂತ್ರಿ. ಅದು ಯಾಕ ಬೇಕ್ರಿ?”

ಅವನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. ಊರಿನಿಂದ ಅಪ್ಪ ಕಳಿಸುವ ದುಡ್ಡಿನಲ್ಲಿ ಮೆಸ್ ಬಿಲ್, ಕೋಣೆ ಬಾಡಿಗೆ, ಪುಸ್ತಕ ಎಲ್ಲ ಆಗಬೇಕಾದ ಹುಡುಗನಿಗೆ ಫೋನು ವರ್ಷದ ದೊಡ್ಡ ಖರ್ಚು.

ವಾರಂಟಿ ಇಂಥ ದಿನದಿಂದಲೇ ಶುರುವಾಗಬೇಕು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುವುದಿಲ್ಲ. ಅದು ಕಂಪನಿಯ ಷರತ್ತಿಗೆ ಬಿಟ್ಟದ್ದು. ಭಾರತದಲ್ಲಿ ಮಾರುವ ಬಹುತೇಕ ಕಂಪನಿಗಳ ಷರತ್ತು ಒಂದೇ ಧಾಟಿಯದು: ಮೊದಲ ಗ್ರಾಹಕ ಕೊಂಡ ದಿನದಿಂದ, ಅಂದರೆ ಬಿಲ್ಲಿನ ಮೇಲಿನ ದಿನಾಂಕದಿಂದ, ಫೋನಿಗೆ ಒಂದು ವರ್ಷ. ಚಾರ್ಜರಿನಂಥ ಬಿಡಿ ಸಾಮಾನಿಗೆ ಹಲವು ಕಡೆ ಆರೇ ತಿಂಗಳು. ಬಾಕ್ಸ್ ಒಡೆದಿರೋ ಇಲ್ಲವೋ ಎಂಬುದು ಈ ಲೆಕ್ಕಕ್ಕೆ ಬರುವುದಿಲ್ಲ. ಅಕ್ಟೋಬರಿನಲ್ಲಿ ಬಿಲ್ ಆದ ಫೋನು ಮಾರ್ಚಿನವರೆಗೆ ಟ್ರಂಕಿನಲ್ಲಿದ್ದರೆ, ಸೀಲ್ ಹಾಗೇ ಇದ್ದರೂ ಐದು ತಿಂಗಳ ವಾರಂಟಿ ಕರಗಿ ಹೋಗಿರುತ್ತದೆ.

ಹಾಗಾದರೆ ಆನ್ ಮಾಡಿದ ದಿನದ ಮಾತು ಬಂದದ್ದೆಲ್ಲಿಂದ? ಅದೂ ಪೂರ್ತಿ ಸುಳ್ಳಲ್ಲ. ಫೋನು ಮೊದಲ ಸಲ ಆನ್ ಆಗಿ ಇಂಟರ್ನೆಟ್ಟಿಗೆ ಸೇರಿದಾಗ ಕಂಪನಿಯ ಕಂಪ್ಯೂಟರಿನಲ್ಲಿ ಆ ದಿನಾಂಕ ದಾಖಲಾಗುತ್ತದೆ. ಬಿಲ್ ಮುಂದಿಲ್ಲದಿದ್ದಾಗ ಕೆಲವು ಕಂಪನಿಗಳು ಆ ದಿನವನ್ನೇ ಹಿಡಿಯುತ್ತವೆ. ಇನ್ನು ಕೆಲವು ಫೋನು ತಯಾರಾದ ತಿಂಗಳಿಂದ ಅಂದಾಜು ಮಾಡುತ್ತವೆ. ಈ ಅಂದಾಜಿನ ಬಿಸಿ ನಮ್ಮ ಮನೆಗೂ ತಟ್ಟಿತ್ತು. ಅಂಗಡಿಯೊಂದರಲ್ಲಿ ನನ್ನ ಹೆಂಡತಿಗೆ ಕೊಂಡ ಹೊಸ ಫೋನಿನ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ, ನಾವು ಕೊಳ್ಳುವುದಕ್ಕಿಂತ ತಿಂಗಳುಗಳ ಮೊದಲೇ ವಾರಂಟಿ ಶುರುವಾಗಿತ್ತು! ಅಂಗಡಿಯಲ್ಲಿ ಕೂತಿದ್ದ ಹಳೇ ಸ್ಟಾಕು. ಐಎಂಇಐ ನಂಬರ್ ಬರೆದಿದ್ದ ಜಿಎಸ್‌ಟಿ ಬಿಲ್ಲಿನ ಫೋಟೊ ಕಳಿಸಿದ ಮೇಲೆ ಕಂಪನಿಯವರು ದಿನಾಂಕ ತಿದ್ದಿದರು. ಆ ಚೀಟಿ ಇರದಿದ್ದರೆ ಅಷ್ಟು ತಿಂಗಳು ಹೋದಂತೆಯೇ. ಕೊಂಡ ವಾರದಲ್ಲೇ ಇದನ್ನು ನೋಡಿಕೊಂಡುಬಿಡುವುದು ಒಳ್ಳೆಯದು. ಫೋನು ಕೆಟ್ಟ ಮೇಲೆ ಸರ್ವಿಸ್ ಸೆಂಟರಿನಲ್ಲಿ ನಿಂತು ವಾದಿಸುವುದು ಕಷ್ಟ.

ಈಗ ದುಡ್ಡಿನ ಲೆಕ್ಕ. ಸೀಲ್ ಪೀಸಿಗೆ ಎಷ್ಟು ಕಡಿಮೆ ಕೊಡಬೇಕು ಎಂದು ಹುಡುಗ ಕೇಳಿದ. ವಾರಂಟಿಗೆ ಬೆಲೆ ಕಟ್ಟುವ ಕೆಲಸವನ್ನು ಕಂಪನಿಗಳೇ ನಮಗಾಗಿ ಮಾಡಿಟ್ಟಿವೆ. ಎರಡನೇ ವರ್ಷದ ವಾರಂಟಿಯನ್ನು ಅವು ಬೇರೆಯಾಗಿ ಮಾರುತ್ತವಲ್ಲ, ಅದರ ದರ ನೋಡಿ. ವರ್ಷಕ್ಕೆ ₹1,200 ಎಂದಿಟ್ಟುಕೊಂಡರೆ ತಿಂಗಳಿಗೆ ₹100. ಐದು ತಿಂಗಳು ಕಳೆದ ಫೋನಿಗೆ, ಆ ದಿನದ ಆನ್‌ಲೈನ್ ಬೆಲೆಗಿಂತ ಕನಿಷ್ಠ ₹500 ಕಡಿಮೆ ಕೊಡಬೇಕು. ಆ ದಿನದ ಬೆಲೆ ಎಂದದ್ದು ಬೇಕೆಂದೇ. ಮಾರುವವನು ತಾನು ಕೊಂಡ ಬೆಲೆ ಹೇಳುತ್ತಾನೆ. ಅಷ್ಟರಲ್ಲಿ ಅದೇ ಮಾಡೆಲ್ಲಿನ ದರ ಇಳಿದಿರುತ್ತದೆ. ಬಿಲ್ಲೇ ಇಲ್ಲದಿದ್ದರೆ ನಾನು ಬೆಲೆಯ ಮಾತೇ ಎತ್ತುವುದಿಲ್ಲ, ಏಕೆಂದರೆ ಆಗ ಪ್ರಶ್ನೆ ವಾರಂಟಿಯದಲ್ಲ, ಫೋನು ಯಾರದು ಎಂಬುದು.

ಅದನ್ನು ತಿಳಿಯಲು ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆ ಒಂದು ದಾರಿ ಕೊಟ್ಟಿದೆ. ಬಾಕ್ಸಿನ ಮೇಲಿನ 15 ಅಂಕಿಯ ಐಎಂಇಐ ನಂಬರನ್ನು ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ನಂತರ ಟೈಪ್ ಮಾಡಿ 14422ಕ್ಕೆ ಎಸ್‌ಎಂಎಸ್ ಕಳಿಸಬೇಕು. 2023ರ ಮೇ ತಿಂಗಳಲ್ಲಿ ಬಂದ ಸಂಚಾರ್ ಸಾಥಿ ತಾಣದಲ್ಲೂ ನೋಡಬಹುದು. ಕಳುವಾಗಿದೆಯೆಂದು ತಡೆಹಿಡಿದ ಫೋನಾದರೆ ಅಲ್ಲೇ ಗೊತ್ತಾಗುತ್ತದೆ. ಆ ನಂಬರ್ ಬಾಕ್ಸಿನಲ್ಲಿ, ಬಿಲ್ಲಿನಲ್ಲಿ, ಆನ್ ಮಾಡಿ *#06# ಒತ್ತಿದಾಗ ಪರದೆಯ ಮೇಲೆ, ಮೂರೂ ಕಡೆ ಒಂದೇ ಇರಬೇಕು. ಬಿಲ್ ಅಣ್ಣನ ಹೆಸರಿಗಿದ್ದರೆ ನಾನು ಕಂಡಂತೆ ಸಾಮಾನ್ಯವಾಗಿ ತೊಂದರೆಯಿಲ್ಲ, ಸರ್ವಿಸ್ ಸೆಂಟರಿನವರು ನೋಡುವುದು ದಿನಾಂಕ ಮತ್ತು ನಂಬರ್. ಆದರೂ ಮೊದಲ ಗ್ರಾಹಕನಿಗೆ ಮಾತ್ರ ಎಂದು ಷರತ್ತಿನಲ್ಲಿ ಇದೆಯೋ ಹೇಗೆ ಎಂದು ಓದಿಕೊಳ್ಳಬೇಕು, ಮಾರಿದವನಿಂದ ಫೋನು ಮಾರಿದ್ದಾಗಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಬೇಕು.

ವಾರಂಟಿಯಷ್ಟೇ ಅಲ್ಲ, ಸೀಲ್ ಬಾಕ್ಸಿನೊಳಗೆ ಬೇರೆಯದೂ ಹಳತಾಗುತ್ತಿರುತ್ತದೆ. ಸಾಫ್ಟ್‌ವೇರ್ ಅಪ್‌ಡೇಟಿನ ವರ್ಷಗಳನ್ನು ಎಣಿಸುವುದು ಸಾಮಾನ್ಯವಾಗಿ ಮಾಡೆಲ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. 2024ರ ಜನವರಿಯಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ಗೆ ಏಳು ವರ್ಷದ ಅಪ್‌ಡೇಟ್ ಉಂಟು. ಕಡಿಮೆ ಬೆಲೆಯ ಅನೇಕ ಫೋನುಗಳಿಗೆ ಅದರ ಅರ್ಧವೂ ಇಲ್ಲ. ಎರಡು ವರ್ಷ ಹಳೆಯ ಮಾಡೆಲ್ ಸೀಲ್ ಆಗಿ ಸಿಕ್ಕರೂ ಆ ಎರಡು ವರ್ಷ ಹೋದದ್ದೇ. ಬ್ಯಾಟರಿಯೂ ಸುಮ್ಮನಿರುವುದಿಲ್ಲ. ಆರು ತಿಂಗಳಿಗಿಂತ ಹೆಚ್ಚು ಕಾಲ ಎತ್ತಿಡುವುದಾದರೆ ಆರು ತಿಂಗಳಿಗೊಮ್ಮೆ ಅರ್ಧ ಚಾರ್ಜ್ ಮಾಡಿ ಎನ್ನುತ್ತದೆ ಆಪಲ್. ಮಗಳ ಮದುವೆಗೆ, ಮೊಮ್ಮಗನ ರಿಸಲ್ಟಿಗೆ ಅಂತ ಮುಂಚೆಯೇ ಕೊಂಡಿಡುವವರಿಗೂ ಈ ಮಾತು ಅನ್ವಯಿಸುತ್ತದೆ.

ಅಂಗಡಿಯವರು ಬಿಲ್ ಕೊಡದಿರುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯೇ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ಬಿಲ್ಲಿದ್ದೂ ಕಂಪನಿ ವಾರಂಟಿ ನಿರಾಕರಿಸಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗವಿದೆ. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ಬೆಂಗಳೂರಿನ ಅಂಗಡಿಯಿಂದ ತರಿಸಿದ ಫೋನಾದರೂ ನೀವು ವಾಸವಿರುವ ಊರಿನಲ್ಲೇ ದೂರು ಹೂಡಬಹುದು.

2024ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಫ್ರಿಜ್, ಎಸಿ ಮುಂತಾದವನ್ನು ಮಾರುವ ಕಂಪನಿಗಳಿಗೆ, ಕೊಂಡ ದಿನದ ಬದಲು ಮನೆಯಲ್ಲಿ ಕೂರಿಸಿದ ದಿನದಿಂದ ವಾರಂಟಿ ಎಣಿಸಿ ಎಂದು ಪತ್ರ ಬರೆಯಿತು. ಫೋನಿಗೆ ಇದು ಇನ್ನೂ ಸುಲಭ. ಮೊದಲ ಸಲ ಆನ್ ಆದ ದಿನ ಕಂಪನಿಗೆ ಗೊತ್ತೇ ಇರುತ್ತದೆ. ಬಿಲ್ ಇಲ್ಲದವನ ಲೆಕ್ಕಕ್ಕೆ ಕೆಲವು ಕಂಪನಿಗಳು ಅದನ್ನು ಬಳಸುತ್ತಲೂ ಇವೆ. ಬಿಲ್ಲಿನ ದಿನ, ಆನ್ ಆದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ವರ್ಷ ಎಣಿಸಲಿ ಎಂದು ಇಲಾಖೆ ಫೋನ್ ಕಂಪನಿಗಳಿಗೂ ಬರೆಯಬೇಕು.