ಎಲೆಯೊಳಗೆ ಹರಿತ್ಕಣಗಳ ಸಂಚಾರ

ನಮ್ಮ ಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಸಸ್ಯಶಾಸ್ತ್ರದ ಪಾಠದಲ್ಲಿ ಎಲೆಯ ಜೀವಕೋಶದ ಚಿತ್ರವನ್ನು ಬರೆದವರೇ ಆಗಿದ್ದಾರೆ. ಚೌಕವಾದ ಒಂದು ಕೋಣೆ. ಅದರ ಅಂಚಿನಲ್ಲಿ ಹಸುರು ಪೆನ್ಸಿಲಿನಿಂದ ತುಂಬಿದ ಏಳೆಂಟು ಬೊಟ್ಟುಗಳು. ಬಿಸಿಲಿನ ಬಲದಿಂದ ಗಿಡಕ್ಕೆ ಆಹಾರವನ್ನು ಸಿದ್ಧಪಡಿಸುವ ಹರಿತ್ಕಣಗಳು ಇವೇ. ಚಿತ್ರದಲ್ಲಿ ಅವು ಬರೆದಲ್ಲಿಯೇ ನಿಂತಿರುವುದರಿಂದ, ಎಲೆಯೊಳಗೂ ಹಾಗೆಯೇ ನಿಂತಿರುವುವೆಂಬ ಭಾವನೆಯು ಮಕ್ಕಳ ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ. ಸಂಗತಿಯು ಹಾಗಿಲ್ಲ.

ಬೆಳಕು ಮಂದವಾಗಿರುವಾಗ ಹರಿತ್ಕಣಗಳು ಎಲೆಯ ಮೇಲ್ಮೈಗೆ ಸಮಾನಾಂತರವಾದ ಗೋಡೆಗಳ ಬಳಿಗೆ ಬಂದು, ಮಾಳಿಗೆಯ ಮೇಲೆ ಹರಡಿದ ಹಪ್ಪಳಗಳಂತೆ ಬೆಳಕಿಗೆ ಮೈಯೊಡ್ಡುವುವು. ಬಿಸಿಲು ಪ್ರಖರವಾದೊಡನೆ ಅವೇ ಕಣಗಳು ಪಕ್ಕದ ಗೋಡೆಗಳಿಗೆ ಸರಿದು, ಒಂದರ ಮರೆಯಲ್ಲಿ ಇನ್ನೊಂದು ನಿಲ್ಲುವುವು. ಅವುಗಳ ನಡೆ ನಿಮಿಷಕ್ಕೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ಮಾತ್ರ. ಆದರೂ ಕೋಣೆಯು ಚಿಕ್ಕದಾದುದರಿಂದ ಒಂದು ತಾಸಿನೊಳಗೆ ಸ್ಥಳಾಂತರವು ಮುಗಿಯುವುದು. ಸೂಕ್ಷ್ಮದರ್ಶಕದಲ್ಲಿ ಹೈಡ್ರಿಲ್ಲಾ ಎಲೆಯ ಕಣಗಳು ಸುತ್ತುವುದನ್ನು ಕಂಡವರು ಇದನ್ನೇ ಅದೆಂದು ಭಾವಿಸಬಾರದು. ಅಲ್ಲಿ ಕಣಗಳು ಜೀವರಸದ ಪ್ರವಾಹದೊಡನೆ ತೇಲುತ್ತವೆ. ಇಲ್ಲಿಯದು ಬೆಳಕನ್ನು ಅರಿತು ನಡೆಯುವ ನಡೆ.

ಗುಸ್ತಾವ್ ಸೆನ್ನರು 1908ರಲ್ಲಿ ಈ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅವರು ಬಾಸೆಲ್ ನಗರದ ಸಸ್ಯಶಾಸ್ತ್ರಜ್ಞರು. ಆ ಊರಿನ ಹೆಸರು ಕನ್ನಡನಾಡಿನ ಮಿಶನ್ ಶಾಲೆಗಳವರಿಗೆ ಅಪರಿಚಿತವಲ್ಲವಷ್ಟೆ. ಕಣಗಳು ಬೆಳಕನ್ನು ಅರಿಯುವ ಬಗೆಯು ಮಾತ್ರ ಬಹುಕಾಲ ಮರೆಯಾಗಿಯೇ ಇತ್ತು. ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡದಲ್ಲಿ, ನೀಲಿ ಬೆಳಕನ್ನು ಗ್ರಹಿಸುವ ಫೋಟೋಟ್ರೋಪಿನ್ ಎಂಬ ಎರಡು ಪ್ರೋಟೀನುಗಳಿವೆ. ಮಂದ ಬೆಳಕಿನ ಕಡೆಗೆ ಕೂಡಿಬರುವಾಗ ಎರಡೂ ಕೆಲಸ ಮಾಡುವುವು. ಪ್ರಖರವಾದ ಬೆಳಕಿನಿಂದ ಹಿಂಜರಿಯುವುದಕ್ಕೆ ಎರಡನೆಯದೇ ಮುಖ್ಯವೆಂದು 2001ರಲ್ಲಿ ತಿಳಿದುಬಂತು. ಕಣವನ್ನು ಸರಿಸುವುದು ಆಕ್ಟಿನ್ ಎಂಬ ಅತಿ ಸೂಕ್ಷ್ಮವಾದ ಎಳೆಗಳು. ನಾವು ಕೊಡವನ್ನೆತ್ತುವಾಗ ತೋಳಿನ ಸ್ನಾಯುಗಳಲ್ಲಿ ದುಡಿಯುವುದೂ ಆಕ್ಟಿನ್ನೇ!

ಆಹಾರಕ್ಕೆ ಬೆಳಕೇ ಆಧಾರವಾಗಿರಲು, ಬೆಳಕಿನಿಂದ ಓಡುವುದೇತಕ್ಕೆಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆಯೇ. ಉಪಯೋಗಿಸಲಾಗದಷ್ಟು ಬೆಳಕು ಒಳಹೊಕ್ಕರೆ ಹರಿತ್ಕಣದ ಯಂತ್ರವೇ ಕೆಡುವುದು. ಜಪಾನಿನ ವಿಜ್ಞಾನಿಗಳು 2002ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಹಿಂಜರಿಯುವ ಶಕ್ತಿಯನ್ನು ಕಳೆದುಕೊಂಡ ಅರಾಬಿಡಾಪ್ಸಿಸ್ ಗಿಡಗಳನ್ನು ಸಾಧಾರಣ ಗಿಡಗಳೊಡನೆ ಪ್ರಖರವಾದ ಬೆಳಕಿನಲ್ಲಿರಿಸಲು, ಶಕ್ತಿಹೀನವಾದವುಗಳ ಎಲೆಗಳು ಹೆಚ್ಚಾಗಿ ಹಾನಿಹೊಂದಿ ಬಿಳಿಚಿಕೊಂಡವು. ಆದರೆ ಈ ರಕ್ಷಣೆಗೂ ಮಿತಿಯುಂಟು. ನೆರಳಿನಲ್ಲಿ ಬೆಳೆದ ಕುಂಡವನ್ನು ಏಪ್ರಿಲ್ ತಿಂಗಳ ಬಿಸಿಲಿಗೆ ಒಮ್ಮೆಲೇ ತಂದಿಟ್ಟು, ಎಲೆ ಸುಟ್ಟುಹೋಯಿತೆಂದು ಗಿಡವನ್ನು ದೂರುವುದು ನ್ಯಾಯವಲ್ಲ.

ಇದನ್ನು ಮನೆಯಲ್ಲಿಯೂ ಪರೀಕ್ಷಿಸಬಹುದು. ನೆರಳಿನಲ್ಲಿ ಬೆಳೆದ, ತೆಳುವಾದ ಎಲೆಯ ಗಿಡವನ್ನು ಆರಿಸಿರಿ. ದಪ್ಪ ಎಲೆಗಳಲ್ಲಿ ವ್ಯತ್ಯಾಸವು ಚೆನ್ನಾಗಿ ಕಾಣದು. ಎಲೆಯ ನಡುವೆ ಕಪ್ಪು ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ, ಸುಮಾರು ಒಂದು ತಾಸು ಬೆಳಗಿನ ಬಿಸಿಲಿನಲ್ಲಿರಿಸಿ, ಕಾಗದವನ್ನು ತೆಗೆದು ನೋಡಿರಿ. ಮುಚ್ಚಿದ್ದ ಭಾಗವು ಗಾಢವಾದ ಹಸುರಾಗಿಯೂ ಉಳಿದ ಭಾಗವು ತುಸು ತಿಳಿಯಾಗಿಯೂ ತೋರುವುದು. ಹಸುರು ನಾಶವಾಗಿಲ್ಲ, ಕಣಗಳು ಪಕ್ಕಕ್ಕೆ ಸರಿದುದರಿಂದ ಅವುಗಳ ನಡುವೆ ಬೆಳಕು ತೂರಿಹೋಗುತ್ತಿದೆ, ಅಷ್ಟೆ. ಗಿಡವನ್ನು ಪುನಃ ನೆರಳಿಗೆ ತಂದಿಡಿರಿ. ಸ್ವಲ್ಪ ಹೊತ್ತಿನಲ್ಲಿ ಆ ಪಟ್ಟಿಯ ಗುರುತು ಅಳಿಸಿಹೋಗಿ ಎಲೆಯೆಲ್ಲವೂ ಒಂದೇ ಬಣ್ಣವಾಗುವುದು.