ಹಳೆಯ ಫಿರಂಗಿ ವಾಹನ: ಉನ್ನತೀಕರಣವೋ, ಹೊಸದರ ಖರೀದಿಯೋ?

ಸವಕಳಿ ಪೂರ್ಣಗೊಂಡು ಪುಸ್ತಕ ಮೌಲ್ಯ ಶೂನ್ಯಕ್ಕಿಳಿದ ಯಂತ್ರವೊಂದು ಇನ್ನೂ ಕೆಲಸ ಮಾಡುತ್ತಿದ್ದರೆ, ಅದನ್ನು ಸುಧಾರಿಸಿ ಮುಂದುವರಿಸಬೇಕೋ ಅಥವಾ ವಿಲೇವಾರಿ ಮಾಡಿ ಹೊಸದನ್ನು ಕೊಳ್ಳಬೇಕೋ ಎಂಬ ಪ್ರಶ್ನೆ ನಮ್ಮ ಸದಸ್ಯ ಉದ್ದಿಮೆದಾರರಿಗೆ ಅಪರಿಚಿತವಲ್ಲ. ಇದೇ ಪ್ರಶ್ನೆಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಎದುರಿಸುತ್ತ ಬಂದಿರುವವು ಸೇನೆಗಳು. ಅವುಗಳ ಬಳಿಯಿರುವ ಆಸ್ತಿಗಳ ಪೈಕಿ ಸ್ವಯಂಚಾಲಿತ ಫಿರಂಗಿ ವಾಹನ, ಅಂದರೆ ಟ್ಯಾಂಕಿನಂತೆ ಉಕ್ಕಿನ ಪಟ್ಟಿಗಳ ಮೇಲೆ ಚಲಿಸುವ ಚಾಸಿಯ ಮೇಲೆ ಕೂರಿಸಿದ ದೊಡ್ಡ ತೋಪು, ಈ ಅಧ್ಯಯನಕ್ಕೆ ಬಹು ಅನುಕೂಲವಾದುದು. ಲೆಕ್ಕಪತ್ರದಲ್ಲಿ ಅದು ಒಂದೇ ಆಸ್ತಿ. ವಾಸ್ತವದಲ್ಲಿ ಹಲವು ಆಸ್ತಿಗಳ ಕೂಟ. ತೋಪಿನ ನಳಿಗೆ ಹಾರಿಸಿದ ಗುಂಡುಗಳ ಸಂಖ್ಯೆಗೆ ಅನುಗುಣವಾಗಿ ಸವೆಯುತ್ತದೆ. ಎಂಜಿನ್ ಓಡಿದ ಗಂಟೆಗಳಿಗೆ ಅನುಗುಣವಾಗಿ ಸವೆಯುತ್ತದೆ. ಎಲೆಕ್ಟ್ರಾನಿಕ್ ಉಪಕರಣ ಕೆಟ್ಟುಹೋಗುವ ಮೊದಲೇ ಹಳತಾಗುತ್ತದೆ. ಕವಚದ ಲೋಹವಾದರೋ ದಶಕಗಳವರೆಗೆ ಬಾಳುತ್ತದೆ. ಯಾವ ಭಾಗಕ್ಕೆ ವಯಸ್ಸಾಗಿದೆ ಎಂಬುದನ್ನು ನಿರ್ಧರಿಸದೆ, ಇಡೀ ವಾಹನಕ್ಕೆ ವಯಸ್ಸಾಗಿದೆ ಎನ್ನುವುದರಿಂದಲೇ ಅನೇಕ ತಪ್ಪು ನಿರ್ಣಯಗಳು ಆರಂಭವಾಗುತ್ತವೆ.

ಎಂ-109ರ ದೀರ್ಘ ಇತಿಹಾಸ

ಅಮೆರಿಕದ ಸೇನೆಯು 155 ಮಿ.ಮೀ. ತೋಪಿನ ಎಂ-109 ವಾಹನವನ್ನು 1963ರಲ್ಲಿ ಸೇವೆಗೆ ಸೇರಿಸಿಕೊಂಡಿತು. ಆಗ ಅದರ ನಳಿಗೆ ಗಿಡ್ಡದು. ಗುಂಡು ತಲಪುತ್ತಿದ್ದ ದೂರ 14.6 ಕಿ.ಮೀ. 1970ರ ದಶಕದಲ್ಲಿ ಉದ್ದನೆಯ ನಳಿಗೆಯನ್ನು ಜೋಡಿಸಿದಾಗ ಅದು ಸುಮಾರು 18 ಕಿ.ಮೀ.ಗೆ ಏರಿತು. 1990ರ ದಶಕದ ಎಂ-109ಎ6 'ಪ್ಯಾಲಡಿನ್' ಮಾದರಿಗೆ ಹೊಸ ತೋಪು, ಹೊಸ ಟರೆಟ್ ಹಾಗೂ ತನ್ನ ಸ್ಥಾನವನ್ನು ತಾನೇ ಗುರುತಿಸಿಕೊಳ್ಳುವ ಉಪಕರಣಗಳು ಬಂದವು. ಗುಂಡು ಹಾರಿಸಿದೊಡನೆ ಸ್ಥಳ ಬದಲಿಸಲು ಈ ಉಪಕರಣ ನೆರವಾಗುತ್ತದೆ. ಇದು ಅಲಂಕಾರದ ವಿಷಯವಲ್ಲ. ಶತ್ರುವಿನ ರೇಡಾರ್ ಗುಂಡಿನ ಹಾದಿಯನ್ನು ಹಿಂದಕ್ಕೆ ಲೆಕ್ಕ ಹಾಕಿ ತೋಪಿನ ಸ್ಥಾನವನ್ನು ಕೆಲವೇ ನಿಮಿಷಗಳಲ್ಲಿ ಪತ್ತೆಹಚ್ಚುವುದರಿಂದ, ನಿಂತಲ್ಲೇ ನಿಂತ ತೋಪಿನ ಸಿಬ್ಬಂದಿ ಬದುಕುಳಿಯುವ ಭರವಸೆ ಇಲ್ಲ. ನಮ್ಮ ಕಾರ್ಖಾನೆಗಳಲ್ಲಿ ಹಳೆಯ ಯಂತ್ರದ ದೋಷಕ್ಕೆ ಬೆಲೆ ತೆರುವುದು ಉತ್ಪಾದನೆ. ಇಲ್ಲಿ ಬೆಲೆ ತೆರುವವರು ಯೋಧರು.

ಇಷ್ಟೆಲ್ಲ ಸುಧಾರಣೆಯ ನಡುವೆಯೂ ಚಾಸಿ, ಎಂಜಿನ್, ಗೇರ್ ವ್ಯವಸ್ಥೆಗಳು ಮೂಲ ವಿನ್ಯಾಸದಲ್ಲಿಯೇ ಉಳಿದವು. ವಾಹನದ ತೂಕ ಪ್ರತಿ ಸುಧಾರಣೆಯಲ್ಲಿಯೂ ಏರುತ್ತ ಹೋಯಿತು. ಆದ್ದರಿಂದ ಸೇನೆಯು 'ಕ್ರುಸೇಡರ್' ಎಂಬ ಸಂಪೂರ್ಣ ಹೊಸ ವಾಹನದ ಯೋಜನೆಯನ್ನು ಕೈಗೊಂಡಿತು. ಯಂತ್ರದಿಂದಲೇ ಗುಂಡು ತುಂಬುವ, ನಿಮಿಷಕ್ಕೆ 10 ಗುಂಡು ಹಾರಿಸಬಲ್ಲ, ಮೂವರು ಸಿಬ್ಬಂದಿ ಸಾಕಾಗುವ ತೋಪು ಅದು. ಒಟ್ಟು ಅಂದಾಜು ವೆಚ್ಚ ಸುಮಾರು 11 ಶತಕೋಟಿ ಡಾಲರ್. ಸುಮಾರು 2 ಶತಕೋಟಿ ಡಾಲರ್ ಖರ್ಚಾದ ಮೇಲೆ, ಮೇ 2002ರಲ್ಲಿ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಯೋಜನೆಯನ್ನು ರದ್ದುಪಡಿಸುವುದಾಗಿ ಪ್ರಕಟಿಸಿದರು. ಅದರ ಸ್ಥಾನಕ್ಕೆ ಬಂದ ಹಗುರ ತೋಪಿನ ಯೋಜನೆಯು 'ಫ್ಯೂಚರ್ ಕಾಂಬ್ಯಾಟ್ ಸಿಸ್ಟಮ್ಸ್' ಎಂಬ ಬೃಹತ್ ಕಾರ್ಯಕ್ರಮದ ಅಂಗವಾಗಿತ್ತು. 2009ರಲ್ಲಿ ರಾಬರ್ಟ್ ಗೇಟ್ಸ್ ಅವರ ಕಾಲದಲ್ಲಿ ಆ ಕಾರ್ಯಕ್ರಮದೊಂದಿಗೆ ಅದೂ ಕೊನೆಗೊಂಡಿತು. ಹೀಗೆ ಎರಡು ಬಾರಿ ಉತ್ತರಾಧಿಕಾರಿಗಳು ಬಾರದೆ ಹೋದರು; ಹಳೆಯ ಪ್ಯಾಲಡಿನ್ ಇರಾಕ್ ಯುದ್ಧಕ್ಕೂ ಹೋಗಿ ಬಂದಿತು.

ಕ್ರುಸೇಡರ್ ರದ್ದತಿಯ ಸಂದರ್ಭದಲ್ಲಿ '2 ಶತಕೋಟಿ ಖರ್ಚಾಗಿರುವಾಗ ನಿಲ್ಲಿಸುವುದೇ?' ಎಂಬ ವಾದ ಸಹಜವಾಗಿಯೇ ಕೇಳಿಬರುವಂಥದು. ವೆಚ್ಚ ಲೆಕ್ಕಶಾಸ್ತ್ರದ ಪ್ರಕಾರ ಈ ವಾದಕ್ಕೆ ಬಲವಿಲ್ಲ. ಹಿಂದಕ್ಕೆ ಬಾರದ ವೆಚ್ಚವು ಮುಂದಿನ ನಿರ್ಣಯಕ್ಕೆ ಅಪ್ರಸ್ತುತ. ಉಳಿದ 9 ಶತಕೋಟಿಗೆ ಪ್ರತಿಯಾಗಿ ಏನು ದೊರೆಯುತ್ತದೆ ಎಂಬುದಷ್ಟೇ ಪ್ರಶ್ನೆ. ಆದರೆ ಇದರ ಇನ್ನೊಂದು ಮಗ್ಗುಲನ್ನು ಹಣಕಾಸು ವ್ಯವಸ್ಥಾಪಕರು ಹಲವೊಮ್ಮೆ ಮರೆಯುತ್ತಾರೆ. ಯೋಜನೆಯನ್ನು ನಿಲ್ಲಿಸಿದರೆ ಮುಂದಿನ ವೆಚ್ಚ ಶೂನ್ಯವಾಗುವುದಿಲ್ಲ. ಹಳೆಯದನ್ನು ಇನ್ನೂ ಹತ್ತು-ಹದಿನೈದು ವರ್ಷ ನಡೆಸುವ ವೆಚ್ಚ ಆರಂಭವಾಗುತ್ತದೆ. ಆ ಅಂಕಣವನ್ನು ಖಾಲಿ ಬಿಟ್ಟು ಮಾಡಿದ ತುಲನೆ ತುಲನೆಯೇ ಅಲ್ಲವೆಂದು ನನ್ನ ಅಭಿಪ್ರಾಯ.

ಚಾಸಿಯನ್ನೇ ಬದಲಿಸಿದ ಉನ್ನತೀಕರಣ

ಅನಂತರ ಬಂದ ಎಂ-109ಎ7 ಮಾದರಿಯ ಮಾರ್ಗ ಗಮನಾರ್ಹವಾದುದು. ಇದರ ಮೊದಲ ವಾಹನಗಳು 2015ರಲ್ಲಿ ಸೇನೆಗೆ ಹಸ್ತಾಂತರಗೊಂಡವು. ಸಾಮಾನ್ಯವಾಗಿ ಉನ್ನತೀಕರಣವೆಂದರೆ ಹಳೆಯ ವಾಹನದ ಮೇಲೆ ಹೊಸ ಉಪಕರಣಗಳನ್ನು ಕೂರಿಸುವುದು. ಇಲ್ಲಿ ಅದಕ್ಕೆ ವಿರುದ್ಧವಾಗಿ ಮೇಲಿನ ತೋಪು ಮತ್ತು ಕೋಣೆಯನ್ನು ಬಹುಮಟ್ಟಿಗೆ ಉಳಿಸಿಕೊಂಡು, ಕೆಳಗಿನ ಚಾಸಿಯನ್ನು ಹೊಸದಾಗಿ ನಿರ್ಮಿಸಲಾಯಿತು. ಎಂಜಿನ್, ಗೇರ್ ವ್ಯವಸ್ಥೆ, ಪಟ್ಟಿಗಳು ಮೊದಲಾದವನ್ನು ಸಾವಿರಾರು ಸಂಖ್ಯೆಯಲ್ಲಿ ಬಳಕೆಯಲ್ಲಿರುವ ಬ್ರಾಡ್ಲಿ ಯುದ್ಧವಾಹನದೊಂದಿಗೆ ಸಮಾನವಾಗಿಸಲಾಯಿತು. ಹಳೆಯ 440 ಅಶ್ವಶಕ್ತಿಯ ಎಂಜಿನ್ನಿನ ಸ್ಥಾನದಲ್ಲಿ 675 ಅಶ್ವಶಕ್ತಿಯದು ಬಂದಿತು. ಹೈಡ್ರಾಲಿಕ್ ಚಾಲನೆಯ ಬದಲು ವಿದ್ಯುತ್ ಚಾಲನೆ ಬಂದಿತು. ಇದರ ತಂತ್ರಜ್ಞಾನವು 2009ರಲ್ಲಿ ರದ್ದಾದ ತೋಪಿನಿಂದ ಬಂದದ್ದು. ಮುಳುಗಿತೆಂದು ತಿಳಿದ ವೆಚ್ಚದಲ್ಲಿ ಸ್ವಲ್ಪವಾದರೂ ದಡ ಸೇರಿತೆನ್ನಬಹುದು.

ಇದರ ಆರ್ಥಿಕ ತಿರುಳು ಅಶ್ವಶಕ್ತಿಯಲ್ಲಿಲ್ಲ, ದಾಸ್ತಾನಿನಲ್ಲಿದೆ. ಶಸ್ತ್ರಾಸ್ತ್ರ ವ್ಯವಸ್ಥೆಯೊಂದರ ಪೂರ್ಣ ಜೀವಿತಾವಧಿಯ ವೆಚ್ಚದಲ್ಲಿ ಸುಮಾರು ಶೇ. 70ರಷ್ಟು ಖರೀದಿಯ ಅನಂತರದ ಬಳಕೆ ಮತ್ತು ನಿರ್ವಹಣೆಗೆ ಹೋಗುತ್ತದೆಂದು ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ಮತ್ತೆ ಮತ್ತೆ ಹೇಳಿದೆ. ಕೆಲವೇ ನೂರು ವಾಹನಗಳಿಗಾಗಿ ಪ್ರತ್ಯೇಕ ಬಿಡಿಭಾಗ, ಪ್ರತ್ಯೇಕ ಮೆಕ್ಯಾನಿಕ್, ಪ್ರತ್ಯೇಕ ಪೂರೈಕೆದಾರರನ್ನು ಸಾಕುವುದಕ್ಕಿಂತ, ಬೇರೊಂದು ವಾಹನದ ಬಿಡಿಭಾಗದ ಕಪಾಟನ್ನೇ ಹಂಚಿಕೊಳ್ಳುವುದು ಲಾಭಕರ.

ಆದರೂ ಈ ಉನ್ನತೀಕರಣಕ್ಕೆ ಒಂದು ಮಿತಿ ಇತ್ತು. ನಳಿಗೆ ಹಿಂದಿನದೇ, ಅಂದರೆ ಅದರ ಉದ್ದ ಬಾಯಿಯ ವ್ಯಾಸದ 39 ಪಟ್ಟು. ರಾಕೆಟ್ ನೆರವಿನ ಗುಂಡು 30 ಕಿ.ಮೀ. ತಲಪಿದರೆ, 52 ಪಟ್ಟು ಉದ್ದದ ನಳಿಗೆಯುಳ್ಳ ಜರ್ಮನಿಯ ಮತ್ತು ದಕ್ಷಿಣ ಕೊರಿಯಾದ ತೋಪುಗಳು ವಿಶೇಷ ಗುಂಡುಗಳಿಂದ 40 ಕಿ.ಮೀ. ಮುಟ್ಟುತ್ತಿದ್ದವು. ಈ ಕೊರತೆಯನ್ನು ನೀಗಲು ಎಂ-109ಎ7ರ ಚಾಸಿಯ ಮೇಲೆಯೇ 58 ಪಟ್ಟು ಉದ್ದದ ನಳಿಗೆಯನ್ನು ಕೂರಿಸುವ ಯೋಜನೆ ಹೊರಟಿತು. ಡಿಸೆಂಬರ್ 2020ರ ಪರೀಕ್ಷೆಯಲ್ಲಿ ಅದು ಸುಮಾರು 70 ಕಿ.ಮೀ. ದೂರದ ಗುರಿಯನ್ನು ಹೊಡೆಯಿತು. ಆದರೆ ಪರೀಕ್ಷೆಗಳು ಮುಂದುವರಿದಂತೆ ಕಡಿಮೆ ಸಂಖ್ಯೆಯ ಗುಂಡುಗಳಿಗೇ ನಳಿಗೆ ವಿಪರೀತ ಸವೆಯುವುದು ಕಂಡುಬಂದು, 2024ರಲ್ಲಿ ಯೋಜನೆ ಕೈಬಿಡಲ್ಪಟ್ಟಿತು. ಉನ್ನತೀಕರಣವು ಯಂತ್ರದ ಕಳೆದುಹೋದ ವಿಶ್ವಾಸಾರ್ಹತೆಯನ್ನು ಮರಳಿಸುವಲ್ಲಿ ಗೆದ್ದಿತು. ಮೂಲ ವಿನ್ಯಾಸದಲ್ಲಿಲ್ಲದ ಸಾಮರ್ಥ್ಯವನ್ನು ಹಿಂಡಿ ತೆಗೆಯುವಲ್ಲಿ ಸೋತಿತು.

ಪೀಣ್ಯದ ಉದ್ದಿಮೆದಾರರಿಗೆ ಇದರಲ್ಲಿ ಹೊಸತೇನೂ ಕಾಣದಿರಬಹುದು. ಹಳೆಯ ಎಚ್‌ಎಂಟಿ ಲೇತಿನ ಎರಕದ ಬೆಡ್ ಗಟ್ಟಿಯಾಗಿದ್ದರೆ ಅದಕ್ಕೆ ಸಿಎನ್‌ಸಿ ನಿಯಂತ್ರಣ ಜೋಡಿಸುವುದು ಸರಿ. ಬೆಡ್ಡೇ ಸವೆದಿದ್ದರೆ ಎಷ್ಟು ಬೆಲೆಯ ನಿಯಂತ್ರಣ ತಂದರೂ ನಿಖರತೆ ಬಾರದು.

ವಾರ್ಷಿಕ ಸಮಾನ ವೆಚ್ಚದ ಲೆಕ್ಕ

ಬೇರೆ ಬೇರೆ ಆಯುಷ್ಯದ ಎರಡು ಆಯ್ಕೆಗಳನ್ನು ಒಟ್ಟು ಬೆಲೆಯಿಂದ ಹೋಲಿಸಬಾರದು. ಕೇವಲ ತಿಳಿವಳಿಕೆಗಾಗಿ ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳೋಣ. ಉನ್ನತೀಕರಣಕ್ಕೆ ವಾಹನವೊಂದಕ್ಕೆ 20 ಕೋಟಿ ರೂ., ವಾರ್ಷಿಕ ನಿರ್ವಹಣೆ 2 ಕೋಟಿ ರೂ. ಹೊಸದಕ್ಕೆ 45 ಕೋಟಿ ರೂ., ಆಯುಷ್ಯ 30 ವರ್ಷ, ವಾರ್ಷಿಕ ನಿರ್ವಹಣೆ 1.20 ಕೋಟಿ ರೂ. ಬಡ್ಡಿದರ ಶೇ. 8.

ಹೊಸದರ 45 ಕೋಟಿಯನ್ನು 30 ವರ್ಷದ ವರ್ಷಾಶನ ಗುಣಾಂಕ 11.26ರಿಂದ ಭಾಗಿಸಿದರೆ ಸುಮಾರು 4 ಕೋಟಿ. ನಿರ್ವಹಣೆ ಸೇರಿ ವರ್ಷಕ್ಕೆ 5.20 ಕೋಟಿ ರೂ. ಉನ್ನತೀಕರಿಸಿದ ವಾಹನ 15 ವರ್ಷ ಬಾಳಿದರೆ ಗುಣಾಂಕ 8.56, ವಾರ್ಷಿಕ ವೆಚ್ಚ 4.34 ಕೋಟಿ, ಉನ್ನತೀಕರಣವೇ ಮೇಲು. ಅದೇ ವಾಹನ 8 ವರ್ಷವಷ್ಟೇ ಬಾಳಿದರೆ ಗುಣಾಂಕ 5.75, ವಾರ್ಷಿಕ ವೆಚ್ಚ 5.48 ಕೋಟಿ, ಹೊಸದೇ ಮೇಲು. ಸುಮಾರು 9 ವರ್ಷದಲ್ಲಿ ಎರಡೂ ಸಮವಾಗುತ್ತವೆ.

ಗಮನಿಸಬೇಕಾದುದೇನೆಂದರೆ, ನಿರ್ಣಯವನ್ನು ತಿರುಗಿಸಿದ್ದು 20 ಕೋಟಿಯೂ ಅಲ್ಲ, 45 ಕೋಟಿಯೂ ಅಲ್ಲ; ಉಳಿದ ಆಯುಷ್ಯದ ಅಂದಾಜು. ಈ ಅಂಕಿಯನ್ನು ಕೊಡುವವನು ಎಂಜಿನಿಯರ್, ಲೆಕ್ಕಿಗನಲ್ಲ. ಉನ್ನತೀಕರಣದ ಗುತ್ತಿಗೆ ಬಯಸುವವನೇ ಆ ಅಂದಾಜನ್ನೂ ಕೊಟ್ಟಿದ್ದರೆ ಅದನ್ನು ಸಂಶಯದಿಂದ ನೋಡುವುದು ಲೆಕ್ಕಪರಿಶೋಧಕನ ಕರ್ತವ್ಯ. ಹಾಗೆಯೇ, ಹೊಸ ತೋಪು ಹಳೆಯದಕ್ಕಿಂತ ಹೆಚ್ಚು ಕೆಲಸ ಮಾಡುವಂತಿದ್ದರೆ ಒಂದಕ್ಕೆ ಒಂದರಂತೆ ಹೋಲಿಸುವುದೂ ತಪ್ಪು.

ನಮ್ಮ ದೇಶದ ಅನುಭವ

ನಮ್ಮ ಸೇನೆಯ 'ಕ್ಯಾಟಪಲ್ಟ್' ವಾಹನವು ರಷ್ಯಾ ಮೂಲದ 130 ಮಿ.ಮೀ. ಎಂ-46 ತೋಪನ್ನು ಆವಡಿಯಲ್ಲಿ ತಯಾರಾಗುತ್ತಿದ್ದ ವಿಜಯಂತ ಟ್ಯಾಂಕಿನ ಉದ್ದಗೊಳಿಸಿದ ಚಾಸಿಯ ಮೇಲೆ ಕೂರಿಸಿ ಸಿದ್ಧಪಡಿಸಿದ್ದು. ಲಭ್ಯವಿದ್ದ ಎರಡು ಆಸ್ತಿಗಳ ಮಿತವ್ಯಯದ ಜೋಡಣೆ ಅದು. ಸಿಬ್ಬಂದಿಗೆ ಪೂರ್ಣ ಮುಚ್ಚಿದ ಕವಚ ಮಾತ್ರ ಇರಲಿಲ್ಲ. ವಿಜಯಂತ ಟ್ಯಾಂಕುಗಳು ಸೇವೆಯಿಂದ ನಿವೃತ್ತಿಯಾದ ಮೇಲೆ ಬ್ರಾಡ್ಲಿಯ ಉದಾಹರಣೆಯಲ್ಲಿ ಕಂಡ ಲಾಭ ಇಲ್ಲಿ ತಿರುಗುಮುರುಗಾಯಿತು: ಹಂಚಿಕೊಳ್ಳಲು ಬಿಡಿಭಾಗದ ಕಪಾಟೇ ಉಳಿಯಲಿಲ್ಲ.

ಅದೇ ಎಂ-46 ತೋಪಿನ ಎಳೆದೊಯ್ಯುವ ಮಾದರಿಗೆ ಬೇರೆಯೇ ಉತ್ತರ ದೊರೆಯಿತು. 130 ಮಿ.ಮೀ. ನಳಿಗೆಯ ಬದಲು 155 ಮಿ.ಮೀ. ನಳಿಗೆ ಜೋಡಿಸುವ 'ಶಾರಂಗ್' ಯೋಜನೆಯಲ್ಲಿ 300 ತೋಪುಗಳ ಗುತ್ತಿಗೆಯು 2018ರಲ್ಲಿ ಆಗಿನ ಆರ್ಡ್ನೆನ್ಸ್ ಫ್ಯಾಕ್ಟರಿ ಮಂಡಳಿಗೆ ದೊರೆಯಿತು. ವ್ಯಾಪ್ತಿ 27 ಕಿ.ಮೀ.ಯಿಂದ 36 ಕಿ.ಮೀ. ದಾಟಿತು. ಅದಕ್ಕಿಂತ ಮಿಗಿಲಾಗಿ, ಬೋಫೋರ್ಸ್ ಮೊದಲ್ಗೊಂಡು ಇತರ ತೋಪುಗಳು ಬಳಸುವ ಗುಂಡನ್ನೇ ಇದೂ ಬಳಸುವಂತಾಯಿತು. ತೋಪಿನ ಗಾಡಿ ಗಟ್ಟಿಯಿತ್ತು, ಆದ್ದರಿಂದ ಉನ್ನತೀಕರಣ ಸಾಧ್ಯವಾಯಿತು.

ಚಾಸಿ ಸಹಿತವಾದ ತೋಪಿಗೆ ಮಾತ್ರ ಹೊಸ ಖರೀದಿಯೇ ದಾರಿಯಾಯಿತು. ಕೊರಿಯಾದ ಕೆ-9ರ ಭಾರತೀಯ ರೂಪವಾದ 'ವಜ್ರ'ದ 100 ವಾಹನಗಳಿಗೆ 2017ರಲ್ಲಿ ಸುಮಾರು 4,500 ಕೋಟಿ ರೂ.ಗಳ ಗುತ್ತಿಗೆ ಆಗಿ, ಲಾರ್ಸನ್ ಅಂಡ್ ಟೂಬ್ರೊ ಸಂಸ್ಥೆಯ ಹಜೀರಾ ಘಟಕದಿಂದ ನೂರನೆಯ ವಾಹನ ಫೆಬ್ರುವರಿ 2021ರಲ್ಲಿ ಹೊರಬಂದಿತು. ಮರುಭೂಮಿಗೆಂದು ಕೊಂಡ ಇವುಗಳಲ್ಲಿ ಕೆಲವನ್ನು ಲಡಾಖಿಗೂ ಒಯ್ಯಲಾಯಿತು. ಡಿಸೆಂಬರ್ 2024ರಲ್ಲಿ ಎರಡನೆಯ ಕಂತಿನ ಗುತ್ತಿಗೆ ಆದಾಗ ಮೊತ್ತ 7,628.70 ಕೋಟಿ ರೂ. ಎರಡು ಗುತ್ತಿಗೆಗಳ ಅಂಗಗಳು ಒಂದೇ ಎಂದು ಭಾವಿಸಿ ನೇರವಾಗಿ ಹೋಲಿಸುವುದು ಸಲ್ಲದು. ಆದರೂ ಏಳು ವರ್ಷಗಳ ನಡುವಿನ ಈ ಅಂತರವು, ಖರೀದಿಯನ್ನು ಮುಂದೂಡುವುದಕ್ಕೂ ಒಂದು ಬೆಲೆ ಇದೆಯೆಂಬುದನ್ನು ತೋರಿಸುತ್ತದೆ.

ಪುಸ್ತಕದಲ್ಲಿ ಬರೆಯುವ ಬಗೆ

ಕಂಪನಿಗಳ ಲೆಕ್ಕದಲ್ಲಿ ಇಂಥ ವೆಚ್ಚವನ್ನು ಹೇಗೆ ಕಾಣಿಸಬೇಕೆಂಬುದಕ್ಕೆ ಸ್ಪಷ್ಟ ನಿಯಮವಿದೆ. ಹಿಂದಿನ ಲೆಕ್ಕ ಮಾನದಂಡ 10ರ ಪ್ರಕಾರ, ಆಸ್ತಿಯ ಕಾರ್ಯಸಾಮರ್ಥ್ಯವನ್ನು ಮೊದಲು ಅಂದಾಜಿಸಿದ ಮಟ್ಟಕ್ಕಿಂತ ಹೆಚ್ಚಿಸುವ ವೆಚ್ಚ ಮಾತ್ರ ಬಂಡವಾಳ ವೆಚ್ಚವಾಗುತ್ತಿತ್ತು. 2016ರ ಪರಿಷ್ಕೃತ ಮಾನದಂಡ ಹಾಗೂ 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿಯು ಮುಖ್ಯ ಭಾಗಗಳಿಗೆ ಪ್ರತ್ಯೇಕ ಆಯುಷ್ಯ ನಿಗದಿಪಡಿಸಿ ಸವಕಳಿ ಲೆಕ್ಕಹಾಕಬೇಕೆನ್ನುತ್ತವೆ. ಹೊಸ ಎಂಜಿನ್ ಜೋಡಿಸಿದಾಗ ಅದರ ವೆಚ್ಚವನ್ನು ಸೇರಿಸಿದರೆ ಸಾಲದು, ತೆಗೆದುಹಾಕಿದ ಎಂಜಿನ್ನಿನ ಉಳಿಕೆ ಮೌಲ್ಯವನ್ನು ಪುಸ್ತಕದಿಂದ ತೆಗೆಯಲೇಬೇಕು. ಇದನ್ನು ಮರೆತ ಅಢಾವೆ ಪತ್ರಿಕೆಗಳಲ್ಲಿ ಗುಜರಿ ಸೇರಿದ ಎಂಜಿನ್ನುಗಳು ಇಂದಿಗೂ 'ಆಸ್ತಿ'ಯಾಗಿ ಓಡುತ್ತಿರುತ್ತವೆ.

ಸರ್ಕಾರದ ಲೆಕ್ಕವಾದರೋ ನಗದು ಆಧಾರದ್ದು. ಅಲ್ಲಿ ಫಿರಂಗಿಗೆ ಸವಕಳಿ ಎಂಬುದೇ ಇಲ್ಲ. ಖರೀದಿಸಿದ ವರ್ಷ ಪೂರ್ಣ ವೆಚ್ಚ ಕಾಣುತ್ತದೆ, ಅನಂತರ ಆ ತೋಪು ಕಾಗದದ ಮೇಲೆ ಉಚಿತ. ನಿರ್ವಹಣೆಯ ಖರ್ಚು ರಾಜಸ್ವ ಶೀರ್ಷಿಕೆಯಡಿ, ಹೊಸ ಖರೀದಿ ಬಂಡವಾಳ ಶೀರ್ಷಿಕೆಯಡಿ ಬರುವುದರಿಂದ ಎರಡನ್ನೂ ಒಂದೇ ಹಾಳೆಯಲ್ಲಿ ನೋಡುವ ಅವಕಾಶ ಅಪರೂಪ. 2021ರೊಳಗೆ ಬಂದ ಮೊದಲ ನೂರು ವಜ್ರಗಳಿಗೆ ಮುಂದಿನ ದಶಕದಲ್ಲಿ ಮಧ್ಯಾವಧಿ ನವೀಕರಣದ ಪ್ರಶ್ನೆ ಏಳಲಿದೆ. ಅಂದು ಎಂಜಿನ್, ನಳಿಗೆ, ಪಟ್ಟಿಗಳ ಭಾಗವಾರು ದುರಸ್ತಿ ವೆಚ್ಚದ ದಾಖಲೆ ಕೈಗೆ ಸಿಗಬೇಕಾದರೆ ಅದನ್ನು ಬರೆದಿಡುವ ಕೆಲಸ ಈಗಲೇ ನಡೆಯುತ್ತಿರಬೇಕು.